ಅರಿಶಿನಗಾಲಿನ ಹಕ್ಕಿ

"ಗುರುಗಳೇ, ಧ್ಯಾನದ ಪುಸ್ತಕದಲ್ಲಿ ಹೇಳಿರುವ ಗುರುತು ಒಂದೂ ನನ್ನಲ್ಲಿ ಕಾಣುತ್ತಿಲ್ಲ. ನಾನು ಇನ್ನು ಇಲ್ಲಿದ್ದು ಏನು ಪ್ರಯೋಜನ?"

ಕೇಳಿದವನು ಶಾಂತಮಲ್ಲ ಎಂಬ ಶಿಷ್ಯ. ಮಠದ ಅಡುಗೆಮನೆಯ ಪಾತ್ರೆ ತಿಕ್ಕುವ ಸೇವೆ ಅವನದು. ಗಂಟುಮೂಟೆ ಕಟ್ಟಿಕೊಂಡೇ ಬಂದಿದ್ದ. ಗಂಟನ್ನು ಹೊಸ್ತಿಲ ಹೊರಗಿಟ್ಟು, ಒಳಗೆ ಬಂದು ಕೈಮುಗಿದು ನಿಂತಿದ್ದ.

ಗುರುಗಳು ಪಡಸಾಲೆಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಅವನನ್ನು ನೋಡಿದರು. ಅವನ ಹಿಂದಿದ್ದ ಗಂಟನ್ನೂ ನೋಡಿದರು.

"ಯಾವ ಗುರುತಪ್ಪಾ?"

"ಒಳಗೆ ಬೆಳಕು ಮೂಡಿದವನ ಕಣ್ಣು ತುಂಬಿ ಬರುತ್ತದಂತೆ. ಮೈ ನವಿರೇಳುತ್ತದಂತೆ. ಗಂಟಲು ಕಟ್ಟಿ ಮಾತು ನಿಲ್ಲುತ್ತದಂತೆ. ನಾನು ಧ್ಯಾನಕ್ಕೆ ಕೂತರೆ ಕಾಲು ಜೋಮು ಹಿಡಿಯುತ್ತದೆ, ಅಷ್ಟೇ."

"ಬೇರೆ ಏನೂ ಆಗುವುದಿಲ್ಲವೋ?"

ಶಾಂತಮಲ್ಲ ತಲೆ ತಗ್ಗಿಸಿದ. "ಒಂದು ಆಗುತ್ತದೆ. ಹೇಳಲು ನಾಚಿಕೆ. ಬೆಳಿಗ್ಗೆ ದೊಡ್ಡ ಕೊಪ್ಪರಿಗೆ ತಿಕ್ಕುವಾಗ ಸುಮ್ಮಸುಮ್ಮನೆ ನಗು ಬರುತ್ತದೆ. ಯಾಕೆಂದು ಗೊತ್ತಿಲ್ಲ. ಎದೆಯೆಲ್ಲ ಹಗುರಾಗುತ್ತದೆ. ಇದೇನು ಮಂಗಚೇಷ್ಟೆ ಎಂದು ತುಟಿ ಕಚ್ಚಿ ತಡೆಯುತ್ತೇನೆ. ತಡೆದಷ್ಟೂ ಬರುತ್ತದೆ. ಇಂಥವನಿಗೆ ಬೆಳಕು ಎಲ್ಲಿಂದ ಮೂಡೀತು?"

ಗುರುಗಳು ಹುಣಸೆಹಣ್ಣಿನ ಮೊರವನ್ನು ಅವನ ಕಡೆ ತಳ್ಳಿದರು.

"ಹೊರಟವನು ಹೊರಡು, ಬೇಡವೆನ್ನುವುದಿಲ್ಲ. ಆದರೆ ಇದಿಷ್ಟು ಬಿಡಿಸಿಕೊಟ್ಟು ಹೋಗು. ಕೈಗೆ ಕೆಲಸವಿರಲಿ, ಕಿವಿಯನ್ನು ನನಗೆ ಕೊಡು."

ಶಾಂತಮಲ್ಲ ಕೂತ. ಗುರುಗಳು ಕತೆ ತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನಿಗೆ ಹಕ್ಕಿಯ ಹುಚ್ಚು. ಹಿಡಿಯುವ ಹುಚ್ಚಲ್ಲ, ಪಂಜರದಲ್ಲಿಟ್ಟು ಸಾಕುವ ಹುಚ್ಚಲ್ಲ, ಬರೀ ನೋಡುವ ಹುಚ್ಚು. ಬಹಳ ಒಳ್ಳೆಯ ಹುಚ್ಚು ಅದು. ಆದರೆ ಹೆಂಡತಿಗೆ ಬಿಡಿಸಿ ಹೇಳುವುದು ಕಷ್ಟ.

ಅವನ ಹತ್ತಿರ ಹಕ್ಕಿಗಳ ಕೈಪಿಡಿಯೊಂದಿತ್ತು. ಪುಟಕ್ಕೊಂದು ಹಕ್ಕಿಯ ಚಿತ್ರ, ಕೆಳಗೆ ಅದರ ಗುರುತು. ಆ ಕಾಲದಲ್ಲಿ ಪುಸ್ತಕದ ಗೆರೆಗಳನ್ನು ಮಾತ್ರ ಅಚ್ಚು ಹಾಕುತ್ತಿದ್ದರು. ಬಣ್ಣವನ್ನು ಚಿತ್ರಕಾರನೇ ಪ್ರತಿಯೊಂದು ಪುಸ್ತಕದಲ್ಲೂ ಕೈಯಾರೆ ತುಂಬಬೇಕಾಗಿತ್ತು. ಹೀಗಾಗಿ ಪುಸ್ತಕಗಳು ಕೆಲವೇ. ವ್ಯಾಪಾರಿ ತನ್ನ ಪುಸ್ತಕವನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ಕೈತೊಳೆದು ಮುಟ್ಟುತ್ತಿದ್ದ. ಅದರಲ್ಲಿದ್ದ ಹಕ್ಕಿಗಳನ್ನೆಲ್ಲ ಒಂದೊಂದಾಗಿ ನೋಡಿ ಮುಗಿಸಿದ್ದ. ಒಂದೇ ಒಂದು ಉಳಿದಿತ್ತು.

ಅದು ಕೊನೆಯ ಪುಟದ ಹಕ್ಕಿ. ಹೆಸರು ಅರಿಶಿನಗಾಲ. ಗುಬ್ಬಿಗಿಂತ ದೊಡ್ಡದು, ಗೊರವಂಕಕ್ಕಿಂತ ಚಿಕ್ಕದು. ಬೂದು ಮೈ, ಕರಿಯ ತಲೆ, ಬಿಳಿಯ ಗಂಟಲು. ಇಂಥ ಹಕ್ಕಿಗಳು ಬೇಕಾದಷ್ಟಿವೆ ಅನ್ನುತ್ತೀಯಾ? ಅದಕ್ಕೇ ಪುಸ್ತಕ ಎಚ್ಚರಿಸಿತ್ತು: "ಅತಿ ವಿರಳ. ಮುಖ್ಯ ಗುರುತು, ಅರಿಶಿನ ಬಣ್ಣದ ಕಾಲು."

ಆ ಸೀಮೆಯಲ್ಲಿ ಹಕ್ಕಿ ನೋಡುವವರು ಇನ್ನೂ ಕೆಲವರಿದ್ದರು. ಸಂಜೆ ಎಲ್ಲರೂ ಇವನ ಅಂಗಡಿಯ ಕಟ್ಟೆಯಲ್ಲಿ ಸೇರುತ್ತಿದ್ದರು. ಮಾತೆಲ್ಲ ಅರಿಶಿನಗಾಲನದೇ. ಒಬ್ಬ ತನ್ನ ಭಾವಮೈದುನ ಕಂಡನೆಂದ. ಇನ್ನೊಬ್ಬ, ಕಂಡವರೊಬ್ಬರನ್ನು ತಾನು ಬಲ್ಲೆನೆಂದ. ಕಂಡವರನ್ನು ಕಂಡವರು ಊರ ತುಂಬ ಇದ್ದರು, ಹಕ್ಕಿಯನ್ನು ಕಂಡವನು ಒಬ್ಬನೂ ಇರಲಿಲ್ಲ. ಆದರೂ ಒಂದು ಮಾತನ್ನು ಎಲ್ಲರೂ ಒಪ್ಪುತ್ತಿದ್ದರು. ಅದು ಇರುವುದೇ ಆದರೆ ಊರಾಚೆಯ ಬಿದಿರುಮೆಳೆಯ ಹೊಂಡದ ಹತ್ತಿರವೇ ಇರಬೇಕು.

ವ್ಯಾಪಾರಿ ದಿನವೂ ಬೆಳಿಗ್ಗೆ ಹೊಂಡಕ್ಕೆ ಹೋಗತೊಡಗಿದ. ಕೈಯಲ್ಲಿ ದುರ್ಬೀನು, ತೊಡೆಯ ಮೇಲೆ ಪುಸ್ತಕ, ಪಕ್ಕದಲ್ಲಿ ಹೆಂಡತಿ ಕಟ್ಟಿಕೊಟ್ಟ ಅವಲಕ್ಕಿ ಬುತ್ತಿ. ಬಿದಿರುಮೆಳೆಯ ಕಡೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ. ಅಂಗಡಿಯನ್ನು ಹೆಂಡತಿ ನೋಡಿಕೊಂಡಳು. ಅವಳು ಒಂದೇ ಮಾತು ಹೇಳಿದಳು: "ಆ ಹಕ್ಕಿಗೆ ನೀವು ಕಂಡಿರುತ್ತೀರಿ ಬಿಡಿ. ಇಬ್ಬರಲ್ಲಿ ಒಬ್ಬರಾದರೂ ನೋಡಿದಿರಲ್ಲ."

ಅವನ ನೋಡುವ ಕ್ರಮ ಹೇಗಿತ್ತು ಗೊತ್ತೇ? ಜಾಣ ಅವನು. ಹಕ್ಕಿ ಬಂದು ಕೂತ ತಕ್ಷಣ ಮೊದಲು ಕಾಲು ನೋಡುತ್ತಿದ್ದ. ಕಾಲು ಅರಿಶಿನವಲ್ಲದಿದ್ದರೆ ದುರ್ಬೀನನ್ನು ಮೇಲಕ್ಕೆ ಎತ್ತುತ್ತಲೇ ಇರಲಿಲ್ಲ. ಮೈ ಯಾವುದು, ತಲೆ ಯಾವುದು, ಗಂಟಲು ಯಾವುದು, ಏನೂ ಕೇಳಬೇಡ. ಕಾಲು ಅಲ್ಲವೋ, ಹಕ್ಕಿ ಅಲ್ಲ. ಎಷ್ಟು ಹೊತ್ತು ಉಳಿಯಿತು ಎಂದು ಖುಷಿಪಡುತ್ತಿದ್ದ.

ಹೀಗೆ ಕೂತವನಿಗೆ ಅಲ್ಲಿ ಒಂದು ಕಾಟ ಶುರುವಾಯಿತು. ಯಾವುದೋ ಒಂದು ಕೆಂಪುಕಾಲಿನ ಹಕ್ಕಿ. ಅವನು ಬುತ್ತಿ ಬಿಚ್ಚಿದ ಕೂಡಲೇ ಬಂದುಬಿಡುತ್ತಿತ್ತು. ಬಾಲ ಕುಣಿಸುತ್ತಾ, ಚಿಕ್‌ಚಿಕ್ ಎಂದು ಹರಟುತ್ತಾ, ಅವನ ಚಪ್ಪಲಿಯ ಹತ್ತಿರವೇ ಅವಲಕ್ಕಿ ಆರಿಸುತ್ತಿತ್ತು. ಅವನಿಗೆ ಮೈ ಉರಿದುಹೋಗುತ್ತಿತ್ತು. ಇದರ ಗಲಾಟೆಗೆ ಹೆದರಿ ಅರಿಶಿನಗಾಲ ಬಾರದೇ ಹೋದರೆ? "ಹುಶ್! ಹೋಗು ಅತ್ತ!" ಎಂದು ಹೆಗಲ ವಸ್ತ್ರ ಬೀಸಿ ಓಡಿಸುತ್ತಿದ್ದ. ಅದು ಹಾರಿದಂತೆ ಮಾಡಿ ಮತ್ತೆ ಬರುತ್ತಿತ್ತು. ಅದಕ್ಕೆ ಅವನು ಪೀಡೆ ಎಂದೇ ಹೆಸರಿಟ್ಟಿದ್ದ.

ಮಳೆಗಾಲ ಕಳೆಯಿತು, ಚಳಿಗಾಲ ಕಳೆಯಿತು. ಅರಿಶಿನಗಾಲ ಬರಲಿಲ್ಲ. ವ್ಯಾಪಾರಿ ಸೊರಗಿದ. ಅವನ ದುಃಖವನ್ನು ನೋಡಿ ನಗಬೇಡ ಮರಿ, ಅದು ನಿಜವಾದ ದುಃಖ. ಆ ಹಕ್ಕಿ ತನ್ನಂಥವನಿಗೆ ಕಾಣಿಸಿಕೊಳ್ಳುವುದಿಲ್ಲ, ತನ್ನಲ್ಲೇ ಏನೋ ಕೊರತೆಯಿದೆ ಎಂದು ಅವನು ನಂಬಿಬಿಟ್ಟಿದ್ದ. ಕೊನೆಗೆ ಒಂದು ಬೆಳಿಗ್ಗೆ ಹೆಂಡತಿಗೆ ಹೇಳಿದ: "ಇವತ್ತೇ ಕಡೆ. ಕಂಡರೆ ಕಂಡಿತು. ಕಾಣದಿದ್ದರೆ ಪುಸ್ತಕ ಅಟ್ಟಕ್ಕೆ. ಇನ್ನು ಮೇಲೆ ನಾನು ಕಾಗೆಯನ್ನೂ ತಲೆಯೆತ್ತಿ ನೋಡುವುದಿಲ್ಲ." ಹೆಂಡತಿ ಆ ದಿನ ಅವಲಕ್ಕಿಗೆ ಒಂದಿಷ್ಟು ಕಾಯಿತುರಿ ಹೆಚ್ಚಿಗೆ ಹಾಕಿ ಕಟ್ಟಿಕೊಟ್ಟಳು.

ಅವನು ಹೊಂಡದ ದಂಡೆಗೆ ಹೋಗಿ ಕೂತ. ಸ್ವಲ್ಪ ಹೊತ್ತಿಗೆ ಒಬ್ಬ ಮುದುಕ ಬಂದ. ಹೆಗಲಲ್ಲಿ ಒಂದು ಎಲೆಯಡಿಕೆ ಚೀಲ, ಉಗುರಿನ ಸಂದಿಯಲ್ಲೆಲ್ಲ ಬಣ್ಣ. ಅವನೊಬ್ಬ ಚಿತ್ರಕಾರ. ನಿನಗೆ ಈಗಲೇ ಹೇಳಿಬಿಡುತ್ತೇನೆ, ಆ ಪುಸ್ತಕದ ಚಿತ್ರಗಳನ್ನೆಲ್ಲ ಬರೆದವನು ಅವನೇ. ವ್ಯಾಪಾರಿಗೆ ಅದು ಗೊತ್ತಿರಲಿಲ್ಲ.

ಚಿತ್ರಕಾರನಿಗೂ ಒಂದು ಆಸೆಯಿತ್ತು. ಪುಸ್ತಕದ ಉಳಿದ ಹಕ್ಕಿಗಳನ್ನೆಲ್ಲ ಅವನು ನೋಡಿ ನೋಡಿ ಬರೆದಿದ್ದ. ಅರಿಶಿನಗಾಲನನ್ನು ಮಾತ್ರ ಜೀವಂತ ನೋಡಿರಲಿಲ್ಲ. ಯಾರೋ ಎಂದೋ ಸತ್ತ ಹಕ್ಕಿಯೊಂದಕ್ಕೆ ಹತ್ತಿ ತುಂಬಿ, ಪೆಟ್ಟಿಗೆಯಲ್ಲಿಟ್ಟು ಅವನಿಗೆ ಕಳಿಸಿದ್ದರು. ಅದನ್ನು ಮೇಜಿನ ಮೇಲೆ ಮಲಗಿಸಿಕೊಂಡು ಚಿತ್ರ ಬರೆದಿದ್ದ. ಅದು ಹಾರುವುದನ್ನು, ಕೂಗುವುದನ್ನು ಒಂದು ಸಲ ನೋಡಬೇಕು ಎಂದು ಅಂದಿನಿಂದ ಹಂಬಲ. ಹೊಂಡದ ಸುದ್ದಿ ಕೇಳಿ ನಡೆದುಬಂದಿದ್ದ.

ವ್ಯಾಪಾರಿ ಬುತ್ತಿ ಬಿಚ್ಚಿದ. ಪೀಡೆ ಹಾಜರ್! ಅವನ ಕಾಲ ಬುಡದಲ್ಲೇ ಕುಣಿಯತೊಡಗಿತು.

"ಅಯ್ಯಯ್ಯೋ, ಅಗೋ!" ಎಂದ ಚಿತ್ರಕಾರ.

"ಶ್! ಮೆಲ್ಲಗೆ ಯಜಮಾನರೇ," ಎಂದ ವ್ಯಾಪಾರಿ. "ನಾನು ಅರಿಶಿನಗಾಲನಿಗೆ ಕಾಯುತ್ತಿದ್ದೇನೆ. ಅದು ಬಹಳ ನಾಚಿಕೆಯ ಹಕ್ಕಿ."

"ನಿಮ್ಮ ಚಪ್ಪಲಿ ಕುಕ್ಕುತ್ತಿರುವುದು ಅದೇ ಅಲ್ಲವೇ ಸ್ವಾಮೀ!"

ವ್ಯಾಪಾರಿ ಕೆಳಗೆ ನೋಡಿದ. ಎಲ್ಲಿ ನೋಡಿದ? ಕಾಲನ್ನೇ ನೋಡಿದ. ನೋಡಿ ಮುದುಕನ ಮೇಲೆ ಕನಿಕರಪಟ್ಟ. "ಇದು ದಿನಾ ಬರುವ ಪೀಡೆ. ಕಾಲು ಕೆಂಪಗಿದೆ, ಕಾಣುವುದಿಲ್ಲವೇ? ಪುಸ್ತಕದಲ್ಲಿ ಅರಿಶಿನ ಎಂದಿದೆ." ರೇಷ್ಮೆ ಬಟ್ಟೆ ಬಿಚ್ಚಿ ಕೊನೆಯ ಪುಟ ತೆಗೆದು ತೋರಿಸಿದ.

ಚಿತ್ರಕಾರ ಪುಟವನ್ನು ನೋಡಿದ, ಹಕ್ಕಿಯನ್ನು ನೋಡಿದ. ಕರಿಯ ತಲೆ ಅದೇ. ಬಿಳಿಯ ಗಂಟಲು ಅದೇ. ಬೆನ್ನಿನ ಬೂದು ಕೂಡ ತಾನು ಕಲಸಿದ ಬೂದೇ. ಕಾಲೊಂದು ಬೇರೆ. ಆಮೇಲೆ ಹಣೆ ಹಣೆ ಬಡಿದುಕೊಂಡು ನಗತೊಡಗಿದ.

"ಸತ್ತ ಹಕ್ಕಿಯ ಕಾಲಿನಲ್ಲಿ ಕೆಂಪು ಎಲ್ಲಿ ನಿಲ್ಲುತ್ತದೆ! ಒಣಗಿ ಹಳದಿಗೆ ತಿರುಗಿತ್ತು. ನಾನು ಮಂಕುದಿಣ್ಣೆ, ಅದನ್ನೇ ಬರೆದೆ. ಹೆಸರನ್ನೂ ಅದಕ್ಕೇ ಇಟ್ಟೆ!"

"ನೀವು ಬರೆದಿರಾ?" ವ್ಯಾಪಾರಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಏನು ಕೆಲಸ ಮಾಡುತ್ತೀರಿ?"

"ಬಣ್ಣ ಹಚ್ಚುವುದು."

"ಗೋಡೆಗೋ, ಬಾಗಿಲಿಗೋ? ಯಜಮಾನರೇ, ಈ ಪುಸ್ತಕ ಬರೆದವರು ಮಹಾನುಭಾವರು. ಅವರ ಕುಂಚ ತಪ್ಪುವುದಿಲ್ಲ. ಅವರು ಹಳದಿ ಎಂದರೆ ಹಳದಿ. ನೀವು ದಯವಿಟ್ಟು ಮನೆಗೆ ಹೋಗಿ, ಇವತ್ತು ನನಗೆ ಕಡೆಯ ದಿನ."

ನೋಡಪ್ಪ ಚಂದ! ಪುಸ್ತಕ ಬರೆದವನ ಮುಖಕ್ಕೇ ಪುಸ್ತಕ ಹಿಡಿದು ವಾದ ಮಾಡಿದ. ಬೇರೆ ಯಾರಾದರೂ ಆಗಿದ್ದರೆ ಸಿಟ್ಟು ಬರುತ್ತಿತ್ತು. ಚಿತ್ರಕಾರನಿಗೆ ಹಕ್ಕಿ ಕಂಡ ಸಂತೋಷವೇ ಮೈಯೆಲ್ಲ ತುಂಬಿತ್ತು, ಸಿಟ್ಟಿಗೆ ಜಾಗ ಎಲ್ಲಿ? ಅವನು ಎಲೆಯಡಿಕೆ ಚೀಲಕ್ಕೆ ಕೈಹಾಕಿ ಸುಣ್ಣದ ಡಬ್ಬಿ ತೆಗೆದ.

"ಸ್ವಾಮೀ, ಹಳದಿ ಬಣ್ಣ ತರಿಸಿಕೊಳ್ಳುವಷ್ಟು ಅನುಕೂಲ ಆಗ ನನಗಿರಲಿಲ್ಲ. ಈ ಕಾಲಿಗೆ ಹಚ್ಚಿರುವುದು ನಮ್ಮ ಮನೆಯ ಅಡುಗೆಯ ಅರಿಶಿನ. ಗೋಂದಿನ ನೀರಿನಲ್ಲಿ ಕಲಸಿ ಹಚ್ಚಿದ್ದು."

ಹೀಗೆಂದು ಬೆರಳ ತುದಿಗೆ ಸುಣ್ಣ ತೆಗೆದುಕೊಂಡು, ಪುಟದ ಮೇಲಿನ ಹಕ್ಕಿಯ ಎರಡು ಕಾಲಿಗೂ ಮೆಲ್ಲಗೆ ಒತ್ತಿಬಿಟ್ಟ.

ಗುರುಗಳು ಇಲ್ಲಿ ನಿಲ್ಲಿಸಿ ಕೇಳಿದರು: "ಅರಿಶಿನಕ್ಕೆ ಸುಣ್ಣ ತಾಗಿದರೆ ಏನಾಗುತ್ತದೆ ಮರಿ? ನಿಮ್ಮಮ್ಮ ಆರತಿಗೆ ನೀರು ಕದಡುವುದನ್ನು ನೋಡಿದ್ದೀಯಲ್ಲ?"

ಶಾಂತಮಲ್ಲನ ಕೈಯಲ್ಲಿದ್ದ ಹುಣಸೆಹಣ್ಣು ಕೈಯಲ್ಲೇ ಉಳಿದಿತ್ತು. "ಕೆಂಪಾಗುತ್ತದೆ," ಎಂದ.

ಕೆಂಪಾಯಿತು. ಆದರೆ ವ್ಯಾಪಾರಿ ಅದನ್ನು ಮೊದಲು ನೋಡಲಿಲ್ಲ. ಕೈತೊಳೆಯದೆ ತಾನೇ ಮುಟ್ಟದ ಪುಸ್ತಕಕ್ಕೆ ಯಾವನೋ ಸುಣ್ಣ ಬಳಿದನಲ್ಲ! "ಅಯ್ಯೋ ನನ್ನ ಪುಸ್ತಕ! ಹಾಳು ಮಾಡಿಬಿಟ್ಟಿರಲ್ಲ ಮಾರಾಯರೇ!" ಎಂದು ಹೊಂಡವೇ ಅಲುಗುವಂತೆ ಕಿರುಚಿದ. ಆ ಕಿರುಚಾಟಕ್ಕೆ ಹೆದರಿ ಕಾಲ ಬುಡದ ಹಕ್ಕಿ ಭರ್ರೆಂದು ಹಾರಿ ಬಿದಿರುಮೆಳೆಯೊಳಗೆ ಮರೆಯಾಯಿತು.

ಆಮೇಲೆ ಅವನು ಪುಟವನ್ನು ನೋಡಿದ.

ಪುಟದ ಮೇಲೆ ಪೀಡೆ ಕೂತಿತ್ತು. ಅದೇ ಕರಿಯ ತಲೆ, ಅದೇ ಬಿಳಿಯ ಗಂಟಲು, ಕೆಳಗೆ ಕುಂಕುಮದಂಥ ಎರಡು ಕಾಲು. ಇಷ್ಟು ದಿನ ತನ್ನ ಚಪ್ಪಲಿ ಕುಕ್ಕಿದ, ತನ್ನ ಅವಲಕ್ಕಿ ತಿಂದ, ತಾನು ವಸ್ತ್ರ ಬೀಸಿ ಬೀಸಿ ಓಡಿಸಿದ ಪೀಡೆ. ಆ ಹಳದಿ ಅಡುಗೆಯ ಅರಿಶಿನವೆಂಬ ಗುಟ್ಟು ಹಚ್ಚಿದವನಿಗಲ್ಲದೆ ಯಾರಿಗೆ ಗೊತ್ತಿರುತ್ತದೆ? ಮುದುಕ ಯಾರೆಂದು ತಿಳಿಯಿತು, ಹಕ್ಕಿ ಯಾವುದೆಂದೂ ತಿಳಿಯಿತು. ಆದರೆ ಹಕ್ಕಿ ಹಾರಿಹೋಗಿತ್ತು.

"ಕೂಗಿ ಓಡಿಸಿಬಿಟ್ಟೆನಲ್ಲ," ಎಂದ. ಕಣ್ಣಲ್ಲಿ ನೀರು ಬಂತು. "ಇನ್ನು ಬರುತ್ತದೆಯೇ ಅದು?"

ಚಿತ್ರಕಾರ ಬುತ್ತಿಯ ಕಡೆ ಬೆರಳು ತೋರಿಸಿದ.

ವ್ಯಾಪಾರಿ ಒಂದು ಹಿಡಿ ಅವಲಕ್ಕಿ ತೆಗೆದು ಕಾಲ ಬುಡದಲ್ಲಿ ಚೆಲ್ಲಿದ. ಇಬ್ಬರೂ ಉಸಿರು ಬಿಗಿಹಿಡಿದು ಕೂತರು. ಹೊಂಡ ಸುಮ್ಮನಿತ್ತು. ಬಿದಿರು ಸುಮ್ಮನಿತ್ತು. ವ್ಯಾಪಾರಿ ಜೀವಮಾನದಲ್ಲಿ ಯಾವ ದೇವರಿಗೂ ಹಾಗೆ ಕಾದಿರಲಿಲ್ಲ.

ಚಿಕ್‌ಚಿಕ್!

ಬಂತು ನೋಡು ಮಹಾರಾಯ! ಬಾಲ ಕುಣಿಸುತ್ತಾ, ಏನೂ ಆಗಿಲ್ಲವೆಂಬಂತೆ ಬಂತು. ಅಷ್ಟು ದಿನ ಬೈಸಿಕೊಂಡದ್ದಕ್ಕೆ ಅದಕ್ಕೆ ಕೋಪವಿಲ್ಲ, ತಾನು ವಿರಳ ಎಂಬ ಜಂಬವೂ ಇಲ್ಲ. ಅವಲಕ್ಕಿ ಹೆಕ್ಕಿತು. ಕಾಯಿತುರಿ ಹೆಕ್ಕಿತು. ಅವನ ಹೆಬ್ಬೆರಳ ಮೇಲೆ ಹತ್ತಿ ನಿಂತು ಅತ್ತಿತ್ತ ನೋಡಿತು. ಆಗ ವ್ಯಾಪಾರಿ ಅದರ ತಲೆ ನೋಡಿದ. ಗಂಟಲು ನೋಡಿದ. ಕಣ್ಣಿನ ಸುತ್ತ ಒಂದು ಸಣ್ಣ ನೀಲಿ ಬಳೆಯಿತ್ತು, ಪುಸ್ತಕದಲ್ಲಿ ಅದು ಇರಲೇ ಇಲ್ಲ. ಸತ್ತ ಹಕ್ಕಿಗೆ ಕಣ್ಣು ಎಲ್ಲಿಯದು? ಅವನು ಅಳುತ್ತಾ ನಗುತ್ತಿದ್ದ. ಪಕ್ಕದಲ್ಲಿ ಮುದುಕನೂ ಹಾಗೆಯೇ. ಹಕ್ಕಿಯೊಂದು ಮಾತ್ರ ಬಾಯಿತುಂಬ ತಿನ್ನುತ್ತಿತ್ತು.

ಅವನು ಮನೆಗೆ ಓಡಿದ. "ಕಂಡಿತು! ಕಂಡಿತು!" ಎಂದು ಬೀದಿಯಿಂದಲೇ ಕೂಗಿದ. ಹೆಂಡತಿ ಪುಟ ನೋಡಿ, "ಅಯ್ಯೋ, ಇದೇ? ಇದು ದಿನಾ ನಮ್ಮ ಬಾವಿಕಟ್ಟೆಗೆ ಬರುತ್ತದಲ್ಲ," ಎಂದಳು. ಅವನಿಗೆ ಅದೂ ಸಂತೋಷವೇ ಆಯಿತು.

ಮರುದಿನದಿಂದ ಅವರಿಬ್ಬರೂ ಸುಣ್ಣದ ಡಬ್ಬಿ ಹಿಡಿದು ಆ ಪುಸ್ತಕವಿದ್ದವರ ಮನೆ ಮನೆಗೆ ಹೋದರು. ಕೊನೆಯ ಪುಟ ತೆಗೆಸುವುದು, ಎರಡು ಕಾಲಿಗೂ ಸುಣ್ಣ ಒತ್ತುವುದು. ಹೋದಲ್ಲೆಲ್ಲ ಒಂದೇ ಗದ್ದಲ. "ಅರೆ, ಇದು ನಮ್ಮ ಹಿತ್ತಲಿನದು!" "ನಮ್ಮ ಸೂರಿನಲ್ಲೇ ಗೂಡು ಕಟ್ಟಿದೆ!" ಊರಿಗೆ ಊರೇ ನಕ್ಕಿತು. ಒಂದು ವಾರದಲ್ಲಿ ಆ ಸೀಮೆಯಲ್ಲಿ ಅದಕ್ಕಿಂತ ಸಾಮಾನ್ಯವಾದ ಹಕ್ಕಿ ಇನ್ನೊಂದಿರಲಿಲ್ಲ.

ಒಬ್ಬ ಪಂಡಿತ ಮಾತ್ರ ಪುಸ್ತಕ ಮುಟ್ಟಗೊಡಲಿಲ್ಲ. "ನನ್ನ ಹಕ್ಕಿಗೆ ಸುಣ್ಣ ಬಳಿಯಲು ನೀವು ಯಾರು?" ಎಂದು ಬಾಗಿಲು ಹಾಕಿಕೊಂಡ. ಅವನು ಈಗಲೂ ಹೊಂಡದ ಹತ್ತಿರ ಕೂತಿದ್ದಾನೆ. ಎದುರಿಗೆ ಹಕ್ಕಿ ಕುಣಿಯುತ್ತಲೇ ಇದೆ.

ಕತೆ ಮುಗಿಯಿತು. ಗುರುಗಳು ಸೆರಗಿನಂತೆ ಹೊದ್ದಿದ್ದ ಶಾಲು ಸರಿಮಾಡಿಕೊಂಡು, ಬಿಡಿಸಿದ ಬೀಜಗಳನ್ನು ಒಂದು ಕಡೆ ಒಟ್ಟಿದರು.

ಶಾಂತಮಲ್ಲ ಹೆದರಿಕೆಯಿಂದಲೇ ಕೇಳಿದ: "ಹಾಗಾದರೆ ಗುರುಗಳೇ, ನಮ್ಮ ಪುಸ್ತಕವೂ ಸುಳ್ಳೇ? ಅದನ್ನು ಎತ್ತಿಟ್ಟುಬಿಡಲೇ?"

ಗುರುಗಳಿಗೆ ಸರ್ರನೆ ಸಿಟ್ಟು ಬಂತು. "ಎತ್ತಿಡು ಎಂದೆನೇನೋ ನಾನು? ಆ ಪುಸ್ತಕ ಇಲ್ಲದಿದ್ದರೆ ವ್ಯಾಪಾರಿ ಬಟ್ಟೆ ಅಳೆಯುತ್ತಾ ಅಂಗಡಿಯಲ್ಲೇ ಕೂತಿರುತ್ತಿದ್ದ. ಅವನನ್ನು ಹೊಂಡದವರೆಗೆ ನಡೆಸಿಕೊಂಡು ಬಂದದ್ದು ಪುಸ್ತಕವೇ ಅಲ್ಲವೇ? ನಮ್ಮ ಪುಸ್ತಕ ಬರೆದವರೂ ಪುಣ್ಯವಂತರು. ಆದರೆ ಅವರ ಎದುರಿಗಿದ್ದ ಹಕ್ಕಿ ಯಾವ ಸ್ಥಿತಿಯಲ್ಲಿತ್ತೋ, ನಿನಗೇನು ಗೊತ್ತು? ದಿನಾ ಓದು. ಸುಣ್ಣದ ಡಬ್ಬಿಯೂ ಹತ್ತಿರವಿರಲಿ."

ಸಿಟ್ಟು ಬಂದಷ್ಟೇ ಬೇಗ ಇಳಿಯಿತು. ಎದ್ದು ಹೊಸ್ತಿಲಿಗೆ ಹೋದರು. ಶಿಷ್ಯನ ಗಂಟನ್ನು ಎತ್ತಿ ತೂಕ ನೋಡಿದರು. ಒಳಗೆ ತಂದು ಅವನ ಮುಂದಿಟ್ಟರು. ಹೊರಗೆ ಯಾರೋ ಅಡುಗೆಮನೆಯ ಬಾಗಿಲಲ್ಲಿ ಕೊಪ್ಪರಿಗೆಯನ್ನು ಉರುಳಿಸಿಕೊಂಡು ಹೋಗುವ ಸದ್ದು ಕೇಳಿತು. ಆ ಸದ್ದಿಗೆ ಶಾಂತಮಲ್ಲನ ಮುಖದಲ್ಲಿ ಅವನಿಗೇ ತಿಳಿಯದಂತೆ ನಗು ಬಂತು. ಅಭ್ಯಾಸದಂತೆ ತುಟಿ ಕಚ್ಚಿ ತಡೆದ.

ಗುರುಗಳು ಅವನ ತುಟಿಯನ್ನೇ ನೋಡುತ್ತಾ ಹೇಳಿದರು:

"ಕಾಲು ಕೆಂಪಗಿದೆ ಎಂದು ಮತ್ತೆ ಓಡಿಸಿದೆಯಲ್ಲೋ!"